ಎಡಗಾಲಿನ ಐವತ್ತೆರಡು ಸೆಕೆಂಡು

ಫೆಬ್ರವರಿ 6

ಪ್ರೀತಿಯ ಅಕ್ಕ,

ಒಂದು ವಿಷಯವನ್ನು ಹೇಳದೆಯೇ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ದೂರದ ವೈದ್ಯರಿಗೆ ರೋಗಿಯನ್ನು ತೋರಿಸುವ ವಿಡಿಯೊ ಪೆಟ್ಟಿಗೆಯ ಪ್ರಯೋಗಕ್ಕೆ ಆರಿಸಿದ ಹದಿನಾಲ್ಕು ಆರೋಗ್ಯ ಕೇಂದ್ರಗಳ ಪಟ್ಟಿಯಲ್ಲಿ ನಿಮ್ಮದು ತಾನಾಗಿ ಬಂದದ್ದಲ್ಲ. ಸೇರಿಸಿದ್ದು ನಾನು. ಮೀಟಿಂಗಿನಲ್ಲಿ, "ಇಲ್ಲಿ ಸಿಗ್ನಲ್ ತುಂಬ ಕೆಟ್ಟದಾಗಿದೆ, ಇಲ್ಲಿ ನಡೆದ್ರೆ ಎಲ್ಲಿ ಬೇಕಾದ್ರೂ ನಡೆಯುತ್ತೆ" ಎಂದೆ. ಅದು ನಿಜವೇ. ಆದರೆ ಅಲ್ಲಿನ ನರ್ಸ್ ನನ್ನ ಅಕ್ಕ ಎಂದು ಹೇಳಲಿಲ್ಲ. ನನ್ನ ಕೆಲಸವನ್ನು ನೀನು ಒಮ್ಮೆ ಕಣ್ಣಾರೆ ನೋಡಬೇಕು ಎಂಬ ಆಸೆ. ಇಪ್ಪತ್ತು ವರ್ಷದಿಂದ "ಅಲ್ಲಿ ಕೂತ್ಕೊಂಡು ನೀನು ಮಾಡೋದಾದ್ರೂ ಏನೇ?" ಎಂದು ಕೇಳುತ್ತಿದ್ದೀಯಲ್ಲ.

ಹೇಳಲು ನೋಡುತ್ತೇನೆ. ಇದನ್ನೆಲ್ಲ ಇಂಗ್ಲಿಷಿನಲ್ಲೇ ಓದಿದವಳು ನಾನು. ನಿನಗೆ ಹೇಳಲು ಕೂತಾಗಲೇ ನನಗೆ ಎಷ್ಟು ಅರ್ಥವಾಗಿದೆ ಎಂದು ಗೊತ್ತಾಗುವುದು. ಗಾಜಿನ ಲೋಟಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಕೆಟ್ಟ ರಸ್ತೆಯಲ್ಲಿ ಕಳಿಸಬೇಕು ಎಂದಿಟ್ಟುಕೋ. ಪೆಟ್ಟಿಗೆ ದೊಡ್ಡದಾಗುವುದಿಲ್ಲ. ಲೋಟ ಜಾಸ್ತಿ ಇಟ್ಟರೆ ನಡುವೆ ಹುಲ್ಲು ತುರುಕಲು ಜಾಗವಿಲ್ಲ, ಒಡೆಯುತ್ತವೆ. ಹುಲ್ಲು ಜಾಸ್ತಿ ತುರುಕಿದರೆ ತಲುಪುವುದು ನಾಲ್ಕೇ ಲೋಟ. ವಿಡಿಯೊ ಕಳಿಸುವುದೂ ಹಾಗೆಯೇ: ಚಿತ್ರದ ವಿವರ ಲೋಟ, ಗಾಳಿಯಲ್ಲಿ ಕೆಡದಂತೆ ಕೊಡುವ ರಕ್ಷಣೆ ಹುಲ್ಲು. ಮೊದಲು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುವವರು ಬೇರೆ, ಅದಕ್ಕೆ ರಕ್ಷಣೆ ಕೊಡುವವರು ಬೇರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿತ್ತು. ಎರಡನ್ನೂ ಒಂದೇ ಲೆಕ್ಕದಲ್ಲಿ ಕೂರಿಸುವುದು ನನ್ನ ಕೆಲಸ. ಗಾಳಿ, ಅಂದರೆ ಸಿಗ್ನಲ್, ಕೆಟ್ಟ ಗಳಿಗೆಯಲ್ಲಿ ಯಾವ ಲೋಟಕ್ಕೆ ಎಷ್ಟು ಹುಲ್ಲು ಎಂದು ವಿಡಿಯೊ ಪೆಟ್ಟಿಗೆಯೇ ಆ ಕ್ಷಣದಲ್ಲಿ ತೀರ್ಮಾನಿಸುತ್ತದೆ. ಮುಖಕ್ಕೆ ಎಲ್ಲಕ್ಕಿಂತ ಹೆಚ್ಚು. ನೋಡುವವರು ಮೊದಲು ನೋಡುವುದು ಮುಖವನ್ನೇ ತಾನೆ.

ಹಳೆಯ ಪೆಟ್ಟಿಗೆಯಲ್ಲಿ ಚಿತ್ರದ ತುಂಬ ಬೂದು ಚೌಕಗಳು ಬರುತ್ತಿದ್ದವು, ವೈದ್ಯರು ಬೈಯುತ್ತಿದ್ದರು. ಈಗ ಒಂದೂ ಬರುವುದಿಲ್ಲ. ಅದನ್ನು ಸರಿಮಾಡಿದ್ದು ನಾನು. ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತಿದ್ದೇನೆ, ಇರಲಿ.

ಹೇಗಿದೆ ಎಂದು ಬರೆ. ಫೋನಿನಲ್ಲಿ ನಿನ್ನ ಅರ್ಧ ಮಾತು ಗುಡ್ಡಕ್ಕೇ ಹೋಗುತ್ತದೆ. ಪತ್ರ ಆರು ದಿನ ತೆಗೆದುಕೊಂಡರೂ ಇಡಿಯಾಗಿ ಬರುತ್ತದೆ.

ನಿನ್ನ ತಂಗಿ


ಫೆಬ್ರವರಿ 19

ಕನ್ನಡಕ,

ಪಟ್ಟಿಗೆ ಹೆಸರು ಸೇರಿಸಿದ್ದನ್ನು ಕೊಲೆ ಮಾಡಿದವಳ ಹಾಗೆ ಒಪ್ಪಿಕೊಂಡಿದ್ದೀಯಲ್ಲೇ. ಚಿಕ್ಕವಳಿದ್ದಾಗ ನನ್ನ ಪೆನ್ಸಿಲ್ ಕದ್ದು ಮೂರು ದಿನ ಊಟ ಬಿಟ್ಟವಳು ನೀನು, ಬದಲಾಗಿಲ್ಲ. ನಾಲ್ಕು ವರ್ಷಕ್ಕೇ ಕನ್ನಡಕ ಹಾಕಿಕೊಂಡವಳು ಈಗ ಲೋಕಕ್ಕೆಲ್ಲ ಕನ್ನಡಕ ಹಾಕಲು ಹೊರಟಿದ್ದೀಯ. ಹಾಕು, ನಮಗೂ ದೂರದ್ದು ಕಾಣಲಿ.

ಪೆಟ್ಟಿಗೆ ಬಂತು. ಡ್ರೆಸ್ಸಿಂಗ್ ರೂಮಿನಲ್ಲಿ ಮಂಚದ ಕಾಲುದೆಸೆಗೆ ಸ್ಟ್ಯಾಂಡ್ ನಿಲ್ಲಿಸಿದ್ದಾರೆ. ತಲೆದೆಸೆ ಎತ್ತಿ ಮಲಗಿಸಿದರೆ ಮೇಲೆ ಮುಖ, ಕೆಳಗೆ ಕಾಲು, ಪೂರ್ತಿ ಆಳು ಒಂದೇ ಚಿತ್ರದಲ್ಲಿ. ಪರದೆಯ ತುಂಬ ಡಾಕ್ಟರು, ಮೂಲೆಯಲ್ಲಿ ಚಿಕ್ಕದಾಗಿ ನಾವು. ಆಯಾ ಅದಕ್ಕೆ ದಿಂಬಿನ ಕವರು ಹೊಲಿದು ಹಾಕಿದ್ದಾಳೆ. "ಬಟ್ಟೆ ಬದಲಾಯಿಸೋ ರೂಮಲ್ಲಿ ಅದು ಕಣ್ಣು ಬಿಟ್ಕೊಂಡು ಕೂತಿರ್ಬೇಕಾ ಅಕ್ಕಾ?" ಅಂದಳು. ನೀವು ಇಂಜಿನಿಯರುಗಳು ಇದನ್ನು ಯೋಚಿಸಿರಲಿಲ್ಲ ನೋಡು.

ಮೊದಲ ಗಿರಾಕಿ ಸೀಟಿ. ಮರದ ಮಿಲ್ಲಿನಲ್ಲಿ ದಿಮ್ಮಿ ಇಳಿಸುವವನು, ಬಾಯಲ್ಲಿ ಯಾವಾಗಲೂ ಸೀಟಿ. ಹೆಬ್ಬೆರಳು ಕುಯ್ದುಕೊಂಡು ಬಂದಿದ್ದ. ಆ ಕಡೆಯಿಂದ ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರು ಕೇಳಿದರು:

"ನಿಮ್ಮ ಹೆಸರೇನಪ್ಪಾ?"

"ಯಾವ ಹೆಸರು ಡಾಕ್ಟ್ರೇ? ಮಿಲ್ಲಲ್ಲಿ ಒಂದಿದೆ, ಮನೇಲಿ ಹೆಂಡ್ತಿ ಕರೆಯೋದು ಇನ್ನೊಂದಿದೆ. ಎರಡ್ನೇದು ಸಿಸ್ಟರ್ ಮುಂದೆ ಹೇಳೋ ಹಾಗಿಲ್ಲ."

ಡಾಕ್ಟರು ನಕ್ಕುಬಿಟ್ಟರು. ನಾನು ಮೊದಲು ಗಾಯವಿಲ್ಲದ ಕೈ ತೋರಿಸಿದೆ, ಆಮೇಲೆ ಗಾಯದ ಕೈ. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಹೇಳುತ್ತಿದ್ದರು, "ಚೆನ್ನಾಗಿರೋದನ್ನ ಮೊದ್ಲು ತೋರ್ಸು. ಕೆಟ್ಟಿರೋದು ಆಗ ತಾನಾಗೇ ಕಾಣ್ಸುತ್ತೆ." ಇಪ್ಪತ್ತಾರು ವರ್ಷದಿಂದ ಅದನ್ನು ತಪ್ಪಿಸಿಲ್ಲ. ಡಾಕ್ಟರಿಗೂ ಈ ರೀತಿ ಹಿಡಿಸಿತು. ಚಿತ್ರ ಕನ್ನಡಿಯ ಹಾಗೆ ಬರುತ್ತಿದೆಯಂತೆ, ಒಂದು ಕಲೆ ಇಲ್ಲವಂತೆ. ಅದನ್ನು ಕೇಳಿ, ಅಕ್ಕಪಕ್ಕ ಯಾರೂ ಇಲ್ಲದಿದ್ದರೂ, "ನಮ್ ಹುಡುಗಿ ಮಾಡಿದ್ದು" ಅಂದೆ.

ನಿನ್ನ ಅಕ್ಕ


ಮಾರ್ಚ್ 27

ಕನ್ನಡಕ,

ಸೀಟಿಯ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಹದಿನೆಂಟನೇ ತಾರೀಖು ಮಧ್ಯಾಹ್ನ ಕಾಲಿನ ಮೇಲೆ ದಿಮ್ಮಿ ಉರುಳಿತೆಂದು ಹೊತ್ತು ತಂದರು. ಮೂಳೆ ಮುರಿದಿರಲಿಲ್ಲ, ಮೀನಖಂಡ ಕಲ್ಲಿನ ಹಾಗೆ ಬಿಗಿದಿತ್ತು. ನೋವಿಗೆ ಇಂಜೆಕ್ಷನ್ ಕೊಟ್ಟು, ನಾಲ್ಕು ಗಂಟೆಗೆ ಪೆಟ್ಟಿಗೆ ಹಚ್ಚಿದೆ. ಎರಡೂ ಕಾಲಿಗೆ ಹೊದಿಕೆ ಹೊದಿಸಿ, ಮೊದಲು ಬಲಗಾಲು ಬಿಚ್ಚಿ ತೋರಿಸಿದೆ. ಅದನ್ನು ಮುಚ್ಚಿ ಎಡಗಾಲು ಬಿಚ್ಚಿದೆ.

"ಇದು ಎಡಗಾಲು ಡಾಕ್ಟ್ರೇ. ಬೆರಳು ತಣ್ಣಗಿದೆ. ನೀಲಿ ತಿರುಗ್ತಿದೆ ಅನ್ಸುತ್ತೆ. ಉಗುರು ಒತ್ತಿ ತೋರಿಸ್ತಿದೀನಿ, ನೋಡಿ."

"ಬಣ್ಣ ಚೆನ್ನಾಗೇ ಇದೆಯಲ್ಲ ಸಿಸ್ಟರ್."

"ನನಗೆ ನೀಲಿ ಕಾಣ್ತಿದೆ."

"ನಾನೂ ನೋಡ್ತಾನೇ ಇದೀನಿ. ನಿಮ್ಮ ರೂಮಿನ ಬೆಳಕಿಗೆ ಹಾಗೆ ಕಾಣ್ತಿರಬೇಕು. ಇವತ್ತು ರಾತ್ರಿ ಅಲ್ಲೇ ಇರ್ಲಿ, ನಾಳೆ ಮತ್ತೆ ನೋಡೋಣ."

ಸೀಟಿ ಇಂಜೆಕ್ಷನ್ನಿನ ಮಂಪರಲ್ಲೂ ಸುಮ್ಮನಿರಲಿಲ್ಲ. "ಸಿಸ್ಟರ್‌ಗೆ ನನ್ನ ಕಂಡ್ರೆ ಆಗಲ್ಲ ಡಾಕ್ಟ್ರೇ, ನೀಲಿ ಗೀಲಿ ಅಂತ ಹೆದರಿಸ್ತಾರೆ" ಅಂದ. ಮೂವರೂ ನಕ್ಕೆವು. ನಾನೂ ನಕ್ಕೆ.

ಗಾಡಿ ಬಾಗಿಲಲ್ಲೇ ನಿಂತಿತ್ತು. ದೊಡ್ಡಾಸ್ಪತ್ರೆಗೆ ನಾಲ್ಕು ಗಂಟೆಯ ದಾರಿ. ಕಳಿಸಲಿಲ್ಲ. ಬೆಳಿಗ್ಗೆ ನೋಡುವಾಗ ಬೆರಳು ಕಪ್ಪಾಗಿದ್ದವು.

ಮೊನ್ನೆ ವಿಚಾರಣೆಯವರು ಬಂದಿದ್ದರು. ಆ ಕಡೆ ಉಳಿದಿದ್ದ ರೆಕಾರ್ಡಿಂಗ್ ಹಾಕಿ ತೋರಿಸಿದರು. ನಾನು "ಇದು ಎಡಗಾಲು" ಅನ್ನುವುದು ಕೇಳುತ್ತದೆ. ಚಿತ್ರದಲ್ಲಿ ತೆರೆದಿರುವುದು ಬಲಗಾಲು. ಕೆಂಪಗೆ, ಚೆನ್ನಾಗಿದೆ. ಅದನ್ನು ಮುಚ್ಚಿದ್ದೆ ಕಣೇ. ನನ್ನ ಕೈಯಾರೆ ಮುಚ್ಚಿದ್ದೆ. ಸೀಟಿಯನ್ನು ಕೇಳಿದರೆ, ಕಾಲು ಜೋಮು ಹಿಡಿದಿತ್ತು, ಯಾವುದನ್ನು ಮುಟ್ಟಿದರೋ ತಿಳಿಯಲಿಲ್ಲ ಅನ್ನುತ್ತಾನೆ. ರೂಮಿನಲ್ಲಿ ಇನ್ಯಾರೂ ಇರಲಿಲ್ಲ. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದಿದ್ದಾರೆ.

ಪೆಟ್ಟಿಗೆಯ ಒಳಹೊರಗು ನಿನಗೆ ಗೊತ್ತು. ಸ್ವಲ್ಪ ನೋಡಿ ಹೇಳು. ನಾನು ಏನು ತೋರಿಸಿದೆ?

ಅಕ್ಕ


ಏಪ್ರಿಲ್ 4

ಪ್ರೀತಿಯ ಅಕ್ಕ,

ಪತ್ರ ಓದಿ ತುಂಬ ಸಂಕಟವಾಯಿತು. ಆ ಮನುಷ್ಯನಿಗಾಗಿ, ನಿನಗಾಗಿ.

ರೆಕಾರ್ಡಿಂಗ್ ತರಿಸಿ ನೋಡಿದೆ. ನೀನು ಹೇಳಿದ ಹಾಗೆಯೇ ಇದೆ: ಮಾತು ಎಡಗಾಲಿನದು, ಕಾಣುವುದು ಬಲಗಾಲು. ಇಂಥ ವ್ಯವಸ್ಥೆಗಳಲ್ಲಿ ಹಲವು ಅಂಶಗಳಿರುತ್ತವೆ, ಒಂದೇ ಸಲಕ್ಕೆ ಹೀಗೇ ಎಂದು ಹೇಳಲಾಗುವುದಿಲ್ಲ. ಪರೀಕ್ಷಿಸಬೇಕಾದದ್ದು ಇನ್ನೂ ಇದೆ. ಅದರ ನಡುವೆ ನೀನೂ ನಿಧಾನವಾಗಿ ನೆನಪು ಮಾಡಿಕೊಂಡು ನೋಡು. ಆ ದಿನ ಎಷ್ಟು ಹೊತ್ತಿನಿಂದ ಕೆಲಸದಲ್ಲಿದ್ದೆ? ಬೆಳಕು ಹೇಗಿತ್ತು? ಮೊದಲು ಬಲಗಾಲು ತೋರಿಸುವ ಅಭ್ಯಾಸ ನಿನಗಿದೆ. ಆಯಾಸದಲ್ಲಿ, ಅದನ್ನು ಮುಚ್ಚಿದೆ ಎಂದುಕೊಂಡು ಮುಚ್ಚದೆ ಉಳಿದಿರಬಹುದಾ? ತಪ್ಪು ಹುಡುಕುತ್ತಿಲ್ಲ ಅಕ್ಕ. ಎಲ್ಲ ಸಾಧ್ಯತೆಗಳನ್ನೂ ನೋಡಬೇಕಲ್ಲ ಎಂದಷ್ಟೆ.

ಊಟ ನಿದ್ದೆ ಬಿಡಬೇಡ.

ನಿನ್ನ ತಂಗಿ


ಏಪ್ರಿಲ್ 12

ಕನ್ನಡಕ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬರೆದಿದ್ದೀಯ. ನನಗೆ ನೋವಾಗಬಾರದೆಂದು ಎಷ್ಟು ಒದ್ದಾಡಿದ್ದೀ ಎಂದು ಅರ್ಥವಾಯಿತು.

ಬೆಳಿಗ್ಗೆ ಆರರಿಂದ ಕೆಲಸದಲ್ಲಿದ್ದೆ. ಎರಡು ಹೆರಿಗೆ ಆಗಿತ್ತು. ಊಟ ಮಾಡಿರಲಿಲ್ಲ. ಹೌದು, ಆಯಾಸವಿತ್ತು.

ಮೊನ್ನೆಯೇ ಆಯಾಳನ್ನು ನನ್ನ ಮನೆಯ ಮಂಚದ ಮೇಲೆ ಮಲಗಿಸಿ ಪರೀಕ್ಷೆ ಮಾಡಿದೆ. ಬಲಗಾಲು ಬಿಚ್ಚು, ಮುಚ್ಚು, ಎಡಗಾಲು ಬಿಚ್ಚು. ಹತ್ತು ಸಲ. ಹತ್ತಕ್ಕೆ ಹತ್ತೂ ಸರಿ. "ಇನ್ನು ಸಾಕು ಬಿಡಕ್ಕಾ, ನನ್ ಕಾಲು ಚಳಿ ಹಿಡಿದು ಹೋಯ್ತು" ಅಂದಳು. ಆದರೂ ನಾನು ಯೋಚಿಸಿದೆ, ಹನ್ನೊಂದನೆಯದು ಹೇಗಿರುತ್ತಿತ್ತೋ. ಆ ದಿನ ನಡೆದದ್ದು ಹನ್ನೊಂದನೆಯದೇ ಇರಬೇಕು. ಎಡಗಾಲಿನ ನೀಲಿಯನ್ನು ನಾನು ನೋಡಿದ್ದು ಹೊದಿಕೆ ಹೊದಿಸುವ ಮೊದಲೇ ಇರಬಹುದು. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು, ಬಲಗಾಲಿನ ಮುಂದೆ ನಿಂತು "ಇದು ಎಡಗಾಲು" ಅಂದಿರಬಹುದು. ಮೊದಮೊದಲು ಹಾಗೆ ಅಂದುಕೊಳ್ಳಲೂ ಆಗುತ್ತಿರಲಿಲ್ಲ. ಈಗ ಕಣ್ಣು ಮುಚ್ಚಿದರೆ ಹಾಗೆಯೇ ಕಾಣುತ್ತದೆ. ಬಲಗಾಲು, ಅದರ ಮೇಲೆ ನನ್ನ ಕೈ.

ಸೀಟಿಯನ್ನು ನೋಡಲು ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಅವನು ಈಗಲೂ ಸೀಟಿ ಹಾಕುತ್ತಿದ್ದಾನೆ. ನನಗೆ ತಡೆಯಲಾಗದ್ದು ಅದೇ. ಕೇಳಿಯೇಬಿಟ್ಟೆ, ಯಾವ ಕಾಲು ತೋರಿಸಿದೆನಪ್ಪಾ ಎಂದು.

"ಸಿಸ್ಟರ್, ಆ ದಿನ ನನಗೆ ಎರಡು ಕಾಲಿತ್ತು. ಅಷ್ಟು ಮಾತ್ರ ಗ್ಯಾರಂಟಿ ಹೇಳ್ತೀನಿ" ಅಂದ. ನಗಿಸಲು ಅಂದದ್ದು. ನಾನು ಎದ್ದು ವರಾಂಡಾಕ್ಕೆ ಬಂದುಬಿಟ್ಟೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನೋಡಿದೆ. ನೀನು ಆ ಪೆಟ್ಟಿಗೆ ಮಾಡಿದವಳು, ನೀನೇ ರೆಕಾರ್ಡಿಂಗ್ ನೋಡಿ ಹೀಗಿರಬಹುದಾ ಎಂದು ಕೇಳಿದ ಮೇಲೆ ನನಗೆ ಇನ್ನು ಯಾವ ಪ್ರಮಾಣ ಬೇಕು? ಮೇ ಹನ್ನೊಂದಕ್ಕೆ ವಿಚಾರಣೆ. ತಪ್ಪು ನನ್ನದೆಂದು ಬರೆದುಕೊಟ್ಟರೆ ಅಲ್ಲಿಗೆ ಮುಗಿಸುತ್ತಾರಂತೆ. ನರ್ಸ್ ಕೆಲಸ ಇನ್ನು ಎಲ್ಲೂ ಸಿಗುವುದಿಲ್ಲ, ಅಷ್ಟೆ.

ಅಕ್ಕ


ಏಪ್ರಿಲ್ 19

ಅಕ್ಕ,

ಕೆಲಸದ ಒತ್ತಡ ಬಹಳ, ಎರಡೇ ಸಾಲು ಬರೆಯುತ್ತಿದ್ದೇನೆ. ಅವಸರದಲ್ಲಿ ಏನನ್ನೂ ಬರೆದುಕೊಡಬೇಡ. ಒಬ್ಬ ವಕೀಲರನ್ನು ಕೇಳುವುದು ಒಳ್ಳೆಯದೇನೋ. ವಿಚಾರಣೆಯವರಿಗೆ ಎಲ್ಲ ಕಡೆಯಿಂದಲೂ ಮಾಹಿತಿ ಹೋಗಬಹುದು, ಏನಾಗುತ್ತದೋ ನೋಡೋಣ. ಇದರ ಜೊತೆ ತಲೆನೋವಿನ ಮುಲಾಮು ಇಟ್ಟಿದ್ದೇನೆ, ನೀನು ಹಚ್ಚುವುದೇ.

ತಂಗಿ


ಏಪ್ರಿಲ್ 25

ಕನ್ನಡಕ,

ಮುಲಾಮು ಬಂತು. ಒಳ್ಳೆಯದಾಯಿತು.

ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಲು ಶುರುಮಾಡಿದ ಮೇಲೆ ನನಗೆ ವಿಷಯ ಹೊಳೆಯಿತು. ಮೊದಲೇ ಹೊಳೆಯಬೇಕಿತ್ತು, ನಾನು ನನ್ನದರಲ್ಲೇ ಮುಳುಗಿದ್ದೆ. ಪಟ್ಟಿಗೆ ನಮ್ಮ ಕೇಂದ್ರವನ್ನು ಸೇರಿಸಿದವಳು ನೀನು. ನರ್ಸ್ ನಿನ್ನ ಅಕ್ಕ ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಈಗ ಗೊತ್ತಾದರೆ, ಅಕ್ಕನ ಅಜಾಗ್ರತೆಯಿಂದ ತಂಗಿಯ ಇಷ್ಟು ವರ್ಷದ ಕೆಲಸಕ್ಕೆ ಮಸಿ ಬಳಿಯುತ್ತಾರೆ. ನೀನು ಅದನ್ನು ಬಾಯಿಬಿಟ್ಟು ಹೇಳಲಾರದೆ ಒಳಗೊಳಗೇ ಬೇಯುತ್ತಿದ್ದೀಯ. ನನ್ನ ಮೇಲೆ ಸಿಟ್ಟು ಬಂದಿದ್ದರೂ ಸರಿಯೇ.

ಚಿಂತೆ ಬೇಡ. ಹನ್ನೊಂದನೇ ತಾರೀಖು ಬೆಳಿಗ್ಗೆ ಹತ್ತೂವರೆಗೆ ಸಹಿ ಮಾಡುತ್ತೇನೆ. ಪೆಟ್ಟಿಗೆ ಸರಿಯಾಗಿತ್ತು, ತೋರಿಸಿದವಳು ತಪ್ಪು ತೋರಿಸಿದಳು ಎಂದು ಸ್ಪಷ್ಟವಾಗಿ ಬರೆಸುತ್ತೇನೆ. ನಿನ್ನ ಹೆಸರು ಎತ್ತುವುದಿಲ್ಲ. ಆ ಪೆಟ್ಟಿಗೆಯಿಂದ ಇನ್ನೂ ಎಷ್ಟೋ ಜನಕ್ಕೆ ಒಳ್ಳೆಯದಾಗಬೇಕು, ನನ್ನ ಒಂದು ಮಂಪರಿನಿಂದ ಅದು ನಿಲ್ಲಬಾರದು.

ಅಕ್ಕ


ಮೇ 3

ಅಕ್ಕ,

ನೀನು ತೋರಿಸಿದ್ದು ಎಡಗಾಲನ್ನೇ. ಬಲಗಾಲನ್ನು ನೀನು ಮುಚ್ಚಿದ್ದೆ. ಎಡಗಾಲು ನೀಲಿಯಾಗಿಯೇ ಇತ್ತು. ಏಪ್ರಿಲ್ ನಾಲ್ಕರಂದು "ಆಯಾಸದಲ್ಲಿ" ಎಂದು ಬರೆಯುವಾಗ ಇದೆಲ್ಲ ನನಗೆ ಗೊತ್ತಿತ್ತು.

ಹೇಗೆ ಗೊತ್ತಾಯಿತು ಎಂದು ಮೊದಲು ಹೇಳುತ್ತೇನೆ. ಇನ್ನೊಂದು ಸಲ ನಿನಗೆ ನಿನ್ನ ಮೇಲೆ ಅನುಮಾನ ಬರಬಾರದು. ಪೆಟ್ಟಿಗೆಗೆ ಗಾಳಿ ಕೆಟ್ಟಾಗ ಮುಖವನ್ನು ಉಳಿಸಲು ಹೇಳಿಕೊಟ್ಟದ್ದು ನಾನು. ಆ ದಿನ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಗಾಳಿ ತೀರ ಕೆಟ್ಟಿತು. ಪೆಟ್ಟಿಗೆ ಹೇಳಿದ ಹಾಗೆ ಕೇಳಿತು: ಇದ್ದ ರಕ್ಷಣೆಯನ್ನೆಲ್ಲ ಮೇಲಿನ ಮುಖಕ್ಕೂ ಮಾತಿಗೂ ಕೊಟ್ಟು, ಕೆಳಗಿನ ಕಾಲನ್ನು ಬರಿಗೈಯಲ್ಲಿ ಕಳಿಸಿತು. ಕಾಲಿನ ಭಾಗ ಆ ಕಡೆ ತಲುಪಲೇ ಇಲ್ಲ. ತಲುಪದ ಜಾಗದಲ್ಲಿ ಅದಕ್ಕೆ ಮೊದಲು ಕೊನೆಯದಾಗಿ ತಲುಪಿದ್ದ ಚಿತ್ರವನ್ನೇ ಇಟ್ಟು ತುಂಬಿಸು ಎಂದು ಆ ಕಡೆಯ ಯಂತ್ರಕ್ಕೆ ಹೇಳಿಕೊಟ್ಟದ್ದೂ ನಾನೇ. ಅದರ ಹಿಂದಿನ ಚಿತ್ರ ಯಾವುದು? ನಿನ್ನ ಹಿರಿಯ ಸಿಸ್ಟರ್ ಕಲಿಸಿದ ಹಾಗೆ ನೀನು ಮೊದಲು ತೋರಿಸಿದ ಬಲಗಾಲು. ಡಾಕ್ಟರು ಐವತ್ತೆರಡು ಸೆಕೆಂಡು ನೋಡಿದ್ದು ಅದನ್ನು. ಕಾಲುದೆಸೆಯಿಂದ ನೋಡುವವರಿಗೆ ಎಡಬಲ ತಿರುಗಿಯೇ ಕಾಣುತ್ತದೆ, ನೀನು ಎಡ ಅಂದದ್ದನ್ನೇ ಅವರು ನಂಬಿದರು. ಮೇಲೆ ಸೀಟಿ ನಗುತ್ತಿದ್ದ, ಮಾತಾಡುತ್ತಿದ್ದ. ಮುಖ ಜೀವಂತವಾಗಿದ್ದಾಗ ಕಾಲು ಹಳೆಯದಿರಬಹುದು ಎಂದು ಯಾರಿಗೆ ಹೊಳೆಯುತ್ತದೆ? ರೆಕಾರ್ಡಿಂಗ್ ಆಗುವುದೂ ಆ ಕಡೆಯೇ, ತುಂಬಿಸಿದ ಮೇಲೆಯೇ.

ಏಪ್ರಿಲ್ ಎರಡರಂದು ಅದನ್ನು ಮೂರು ಸಲ ನೋಡಿದೆ. "ಉಗುರು ಒತ್ತಿ ತೋರಿಸ್ತಿದೀನಿ" ಅನ್ನುತ್ತೀಯ. ಚಿತ್ರದಲ್ಲಿ ನಿನ್ನ ಹೆಬ್ಬೆರಳು ಪಾದದ ಮೇಲೆ ಅಲ್ಲಾಡದೆ ಇದೆ. ಮಾತಾಡುವಾಗ ನಿನ್ನ ಕೈ ಒಂದು ಗಳಿಗೆ ಸುಮ್ಮನಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಆಗಲೇ ಅನುಮಾನ ಬಂತು. ಯಂತ್ರ ಪ್ರತಿ ಸೆಕೆಂಡಿಗೂ ಏನು ತಲುಪಿತು, ಏನು ತುಂಬಿಸಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಮೂರನೇ ತಾರೀಖು ಆ ದಾಖಲೆ ತೆಗೆದೆ. ಸಂದೇಹಕ್ಕೆ ಎಡೆಯೇ ಇಲ್ಲ.

ನಾಲ್ಕರಂದು ನಿನಗೆ ಆ ಪತ್ರ ಬರೆದೆ.

ಏಕೆ ಎಂದು ಈ ಒಂದು ತಿಂಗಳಲ್ಲಿ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲು ಕೊಟ್ಟುಕೊಂಡ ಉತ್ತರ, ಇನ್ನೂ ಪರೀಕ್ಷೆ ಬಾಕಿಯಿದೆ ಎಂದು. ಸುಳ್ಳು. ಎರಡನೆಯದು, ದಾಖಲೆ ಕೊಡುವುದು ಬೇಡ ಎಂದು ನಮ್ಮ ಆಫೀಸಿನ ಮುಖ್ಯಸ್ಥರು ಹೇಳಿದರು ಎಂದು. ಅವರು ಬೇಡ ಎನ್ನಲಿಲ್ಲ. "ವಿಚಾರಣೆಯವ್ರು ಕೇಳಿದ್ದು ರೆಕಾರ್ಡಿಂಗು. ಕೊಟ್ಟಿದೀವಿ. ಕೇಳದೇ ಇರೋದಕ್ಕೆಲ್ಲ ನಾವಾಗೇ ಯಾಕೆ ಉತ್ತರ ಕೊಡ್ಬೇಕು?" ಎಂದರು, ಅಷ್ಟೆ. ಅದನ್ನು ಕೇಳಿ ನನಗೆ ಹಾಯೆನಿಸಿತು. ಆ ಹಾಯೆನಿಸಿದ್ದು ನನ್ನದೇ, ಅವರದ್ದಲ್ಲ.

ನಿಜವಾದದ್ದು ಇದು. ಬೂದು ಚೌಕಗಳನ್ನು ತೆಗೆದದ್ದು ನಾನು ಎಂದು ನಿನಗೆ ಜಂಬದಿಂದ ಬರೆದಿದ್ದೆ. ಆ ಚೌಕಗಳು ತಪ್ಪಲ್ಲ ಅಕ್ಕ. 'ಇಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ' ಎಂದು ಯಂತ್ರ ನಿಯತ್ತಾಗಿ ಹೇಳುತ್ತಿತ್ತು. ಒಬ್ಬ ವೈದ್ಯರು, "ಚದುರಂಗದ ಮಣೆ ನೋಡೋಕೆ ನಾನು ಇಷ್ಟು ಓದ್ಬೇಕಿತ್ತಾ?" ಎಂದು ರೇಗಿದ್ದರು. ಹಾಗಾಗಿ ಹಳೆಯ ಚಿತ್ರದಿಂದ ತುಂಬಿಸಲು ಹೊರಟೆ. ಪಕ್ಕದ ಮೇಜಿನ ಸಹೋದ್ಯೋಗಿ, ಇನ್ನೆರಡು ವರ್ಷಕ್ಕೆ ನಿವೃತ್ತರಾಗುವವರು, ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದರು:

"ತುಂಬಿಸಿ, ಬೇಡ ಅನ್ನಲ್ಲ. ಆದ್ರೆ ತುಂಬಿಸಿದ ಜಾಗದ ಸುತ್ತ ಒಂದು ಗೆರೆನಾದ್ರೂ ಇರ್ಲಿ ಮೇಡಂ. ನೋಡೋರಿಗೆ ಗೊತ್ತಾಗ್ಬೇಕಲ್ಲ."

"ಗೆರೆ ಹಾಕಿದ್ರೆ ಮತ್ತೆ ಅದನ್ನೇ ಬೈತಾರೆ ಸರ್" ಎಂದೆ.

"ಬೈಲಿ ಬಿಡಿ. ಬೈಸ್ಕೊಂಡು ಯಾರೂ ಸತ್ತಿಲ್ಲ."

ಗೆರೆ ಹಾಕಲಿಲ್ಲ. ವೈದ್ಯರು ಮೆಚ್ಚಿದರು. ಚಿತ್ರ ಕನ್ನಡಿಯಂತಿದೆ ಎಂದು ಎಲ್ಲ ಕಡೆಯಿಂದ ಬಂತು, ನಿನ್ನ ಪತ್ರದಲ್ಲೂ ಬಂತು. ಆ ಮಾತು ಕೇಳಿ ಕೇಳಿ ನನಗೆ ರುಚಿ ಹತ್ತಿತ್ತು. ದಾಖಲೆ ತೆಗೆದ ದಿನ ನನಗೆ ಮೊದಲು ನೆನಪಾದದ್ದು ಸೀಟಿಯಲ್ಲ, ನೀನೂ ಅಲ್ಲ. ಆ ಗೆರೆ. ಅದು ಯಾರಿಗೆಲ್ಲ ಗೊತ್ತಾಗುತ್ತದೆ ಎಂಬುದು. ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯದಿದ್ದರೆ ಈ ಪತ್ರವನ್ನೂ ತುಂಬಿಸಿ ಕಳಿಸಿದ ಹಾಗಾಗುತ್ತದೆ.

ನಿನ್ನ ಅನುಮಾನವನ್ನು ಹುಟ್ಟಿಸಿದ್ದು ವಿಚಾರಣೆಯವರಲ್ಲ. ಅವರ ಮುಂದೆ ನೀನು "ನನ್ನ ಕೈಯಾರೆ ಮುಚ್ಚಿದ್ದೆ" ಎಂದು ನಿಂತವಳು. ನನ್ನ ಪತ್ರ ಓದಿದ ಮೇಲೆ ಆಯಾಳನ್ನು ಮಲಗಿಸಿಕೊಂಡು ಪರೀಕ್ಷೆಗೆ ಕೂತೆ. ಕಣ್ಣು ಮುಚ್ಚಿದರೆ ಬಲಗಾಲಿನ ಮೇಲೆ ನಿನ್ನ ಕೈ ಕಾಣುತ್ತದೆ ಎಂದು ಬರೆದೆಯಲ್ಲ, ಅದು ನಿನ್ನ ನೆನಪಲ್ಲ ಅಕ್ಕ. ಅದು ರೆಕಾರ್ಡಿಂಗ್. ನಿನ್ನ ನೆನಪು ಇದ್ದ ಜಾಗದಲ್ಲಿ ಅದನ್ನು ತಂದಿಟ್ಟವಳು ನಾನು.

ನಿನ್ನ ಕೊನೆಯ ಪತ್ರದಲ್ಲಿ, ನಿನ್ನ ತಪ್ಪಿನಿಂದ ನನ್ನ ಹೆಸರು ಕೆಡುತ್ತದೆಂದು ನಾನು ಬೇಯುತ್ತಿದ್ದೇನೆ ಎಂದು ನೀನು ಬರೆದೆ. ಅಷ್ಟು ಒಳ್ಳೆಯ ಅರ್ಥವನ್ನು ಎಲ್ಲಿಂದ ಹುಡುಕಿ ತಂದೆ? ಅದನ್ನು ಓದಿ ಆಫೀಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಸ ಗುಡಿಸುವಾಕೆ ಪೊರಕೆ ಹಿಡಿದು ಕಾಯುತ್ತಿದ್ದಳು. "ಏಳ್ತೀರಾ, ಇಲ್ಲ ನಿಮ್ಮನ್ನ ಬಿಟ್ಟು ಸುತ್ತ ಗುಡಿಸ್ಲಾ?" ಎಂದಳು. ಎದ್ದೆ.

ನಾಳೆ ಬೆಳಿಗ್ಗೆ ಯಂತ್ರದ ದಾಖಲೆಯನ್ನು ನನ್ನ ಸಹಿಯೊಂದಿಗೆ ವಿಚಾರಣೆಯ ಕಚೇರಿಗೆ ನಾನೇ ಕೈಯಲ್ಲಿ ಕೊಟ್ಟು ಬರುತ್ತೇನೆ. ನರ್ಸ್ ನನ್ನ ಅಕ್ಕ ಎಂದೂ, ಇದು ನನಗೆ ಏಪ್ರಿಲ್ ಮೂರರಿಂದ ಗೊತ್ತಿತ್ತು ಎಂದೂ ಅದರಲ್ಲಿ ಬರೆದಿದ್ದೇನೆ. ಮುಖ್ಯಸ್ಥರಿಗೆ ಇವತ್ತು ಮಧ್ಯಾಹ್ನ ಹೇಳಿದೆ. "ಅಕ್ಕ ಅಂತ ಮೊದಲೇ ಹೇಳ್ಬೇಕಿತ್ತು" ಎಂದರು. ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ತಿಳಿಯದು. ಮಿಕ್ಕ ಹದಿಮೂರು ಕೇಂದ್ರಗಳ ಪೆಟ್ಟಿಗೆಗಳನ್ನು ಸಂಜೆಯೇ ನಿಲ್ಲಿಸಲು ಒಪ್ಪಿದರು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದ ಒಂದು ತಿಂಗಳು ಅವೆಲ್ಲ ನಡೆಯುತ್ತಲೇ ಇದ್ದವು. ಅಲ್ಲಿನ ದಾಖಲೆಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದೇನೆ. ಯಾರ ಕೈ, ಯಾರ ಕಾಲು, ಎಷ್ಟು ಸೆಕೆಂಡು. ಇಲ್ಲಿಯವರೆಗೆ ನಾಲ್ಕು ಕೇಂದ್ರ ಮುಗಿದಿದೆ, ಕೆಟ್ಟದ್ದು ಸಿಕ್ಕಿಲ್ಲ. ಒಂಬತ್ತು ಉಳಿದಿವೆ.

ನೀನು ಮಾತ್ರ ಸಹಿ ಮಾಡಬೇಡ. ನಾನು ಕೊಟ್ಟ ಕಾಗದವನ್ನು ಅವರು ಓದುವ ಮೊದಲೇ ನೀನು ಬರೆದುಕೊಟ್ಟುಬಿಟ್ಟರೆ ಅದು ಕಡತದಲ್ಲೇ ಮಲಗುತ್ತದೆ. ತಪ್ಪೊಪ್ಪಿಕೊಂಡವರು ಇರುವಾಗ ಯಂತ್ರದ ಲೆಕ್ಕ ಯಾರಿಗೆ ಬೇಕು? ಸೀಟಿಗೂ ಹೇಳು. ಇಲ್ಲ, ಬೇಡ. ಅವನಿಗೆ ನಾನೇ ಬಂದು ಹೇಳಬೇಕು. ಏನು ಹೇಳುವುದೋ ಗೊತ್ತಿಲ್ಲ. ಅವನು ನಗಿಸಿದರೆ ಏನು ಮಾಡುವುದೋ ಅದೂ ಗೊತ್ತಿಲ್ಲ.

ಫೋನ್ ಮಾಡಬಹುದಲ್ಲ ಎಂದು ಕೇಳುತ್ತೀಯ. ಎರಡು ಸಲ ಮಾಡಿದೆ, ಏಪ್ರಿಲ್‌ನಲ್ಲಿ. ನೀನು "ಹಲೋ, ಯಾರು, ಕನ್ನಡಕನಾ?" ಅಂದೆ. ಮೊದಲ ಸಲ ಹವಾಮಾನ ಮಾತಾಡಿದೆ. ಎರಡನೇ ಸಲ ಲೈನ್ ಹೋಯಿತೆಂದು ನೀನು ಅಂದುಕೊಂಡೆ. ಹೋಗಿರಲಿಲ್ಲ, ನಾನೇ ಇಟ್ಟೆ. ನಿನ್ನ ದನಿ ಕೇಳಿದರೆ ನಾನು ಮಾತು ತಿರುಗಿಸುತ್ತೇನೆ. ಕಾಗದದ ಮೇಲೆ ತಿರುಗಿಸಿದರೆ ನನಗೇ ಕಾಣುತ್ತದೆ.

ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ಇದನ್ನು ಈ ಪತ್ರದ ಮೊದಲ ಸಾಲಿಗೇ ಬರೆದು ಹೊಡೆದುಹಾಕಿದ್ದೆ. ನಿನ್ನ ಪತ್ರ ನನಗೆ ತಲುಪಿದ್ದು ಮೊನ್ನೆ, ಮೇ ಒಂದಕ್ಕೆ. ಆಗಲೇ ಲೆಕ್ಕ ಹಾಕಿದೆ. ಟಪಾಲಿಗೆ ಆರು ದಿನ. ನಾಲ್ಕನೇ ತಾರೀಖಿನೊಳಗೆ ಹಾಕಿದರೆ ವಿಚಾರಣೆಗೆ ಮೊದಲು ನಿನ್ನ ಕೈ ಸೇರುತ್ತದೆ. ಐದಕ್ಕೆ ಹಾಕಿದರೆ ಹನ್ನೊಂದನೇ ತಾರೀಖಿನ ಮಧ್ಯಾಹ್ನದ ಬಸ್ಸಿಗೆ ಬರುತ್ತದೆ. ನೀನು ಬೆಳಿಗ್ಗೆ ಹತ್ತೂವರೆಗೆ ಸಹಿ ಮಾಡಿರುತ್ತೀಯ. ಎಲ್ಲ ಒಪ್ಪಿಕೊಂಡೆ ಎಂಬ ನೆಮ್ಮದಿಯೂ ನನಗೆ, ಉಳಿದುಕೊಂಡ ಹೆಸರೂ ನನಗೆ. ಟಪಾಲು ತಡವಾಯಿತು ಎಂದರೆ ನೀನು ನಂಬುತ್ತಿದ್ದೆ. ಆ ಐದನೇ ತಾರೀಖನ್ನು ಎರಡು ದಿನ ಮನಸ್ಸಿನಲ್ಲಿಟ್ಟುಕೊಂಡು ಓಡಾಡಿದೆ. ಕ್ಷಮಿಸು ಎಂದು ಕೇಳುವ ಬಾಯಿ ನನಗಿಲ್ಲ. ನೀನು ಕ್ಷಮಿಸಿಬಿಡುತ್ತೀಯ ಎಂದು ಗೊತ್ತಿರುವುದರಿಂದ ಇನ್ನೂ ಇಲ್ಲ.

ನಿನ್ನ ಕಣ್ಣು ಸರಿಯಾಗಿತ್ತು, ಅಕ್ಕ. ನಿನ್ನ ಕೈಯೂ.

ತಂಗಿ

ಪತ್ರ ಹಾಕುವ ದಿನ: ಮೇ 4, ಬೆಳಗಿನ ಮೊದಲ ಟಪಾಲಿಗೆ.